ಹುಳು ತೋಡಿದ ಕೊಳ

ಕೌಲ್ ಬಜಾರಿನ ನನ್ನ ಬೈಂಡಿಂಗ್ ಅಂಗಡಿಗೆ
ಗೋಣಿಚೀಲದಲ್ಲಿ ಬಂತು ಅದು,
ಮಿಷನ್ ಶಾಲೆಯ ಬೀರು ಖಾಲಿ ಮಾಡಿದ ದಿನ:
ಬೆನ್ನು ಮುರಿದ, ಹೆಸರು ಉದುರಿದ,
ಇಟಲಿಯ ಯಾವುದೋ ಊರಿನ ಪುಸ್ತಕ.
ಅಕ್ಷರ ನನಗೆ ಬರಲಿಲ್ಲ. ಚಿತ್ರ ಬಂತು.

ಕಟ್ಟಿಗೆಯಲ್ಲಿ ಕೊರೆದು, ಮಸಿ ಹಚ್ಚಿ ಒತ್ತಿದ್ದು.
ಎಷ್ಟು ನೂರು ವರ್ಷವೋ, ಹಾಳೆಯ ಬೆನ್ನು ಸವರಿದರೆ
ಇನ್ನೂ ಬೆರಳಿಗೆ ತಾಗುತ್ತದೆ ಆ ಒತ್ತು.
ಕಂಬದ ಸಾಲು, ಚಿಮ್ಮುವ ನೀರು,
ನವಿಲಿನ ಹಾಗೆ ಕತ್ತರಿಸಿದ ಗಿಡ,
ಚಕ್ರದೊಳಗೆ ಚಕ್ರವಾಗಿ ಒಂದು ತೋಟ.

ಮೊದಲು ಕಾಗದದ ಮೇಲೆ ಚಿಗುರಿ
ಆಮೇಲೆ ಮಣ್ಣಿಗೆ ಇಳಿದವಂತೆ
ಆ ಸೀಮೆಯ ದೊರೆಗಳ ತೋಟಗಳು.
ಡ್ರಾಯಿಂಗ್ ಮಾಸ್ತರು ದೇವಪುತ್ರಪ್ಪ ಹೇಳಿದ್ದು.
ನಾನು ನಂಬಲಿಲ್ಲ.
ಕಾಗದ ಮಣ್ಣಾಗುವುದನ್ನಷ್ಟೇ ಕಂಡವನು ನಾನು,
ಮೂವತ್ತು ವರ್ಷ.

ಗೋಂದು ಆರಲೆಂದು ಹರವಿದ ಹಾಳೆಗೆ ಬಗ್ಗಿದ
ಎರ್ರಿಸ್ವಾಮಿ, ಮುನಿಸಿಪಾಲ್ಟಿ ಮಾಲಿ,
ಮಗಳ ನೋಟ್‌ಬುಕ್ಕಿಗೆ ರಟ್ಟು ಹಾಕಿಸಲು ಬಂದವನು.
"ನಮ್ ಪಾರ್ಕಿಗೆ ಸರಿಯಾಗಿ ಕುಂದ್ರುತೈತೆ ಸಾಬ್ರೇ,
ಒಂದು ಜೆರಾಕ್ಸ್ ತೆಗೆದುಕೊಡ್ರಿ."
ಹಳೇ ಹಾಳೆ ನಲುಗೀತೆಂದು
ಮುಚ್ಚಳ ಹಾಕದೆಯೇ ತೆಗೆದುಕೊಟ್ಟೆ.
ಎರಡು ರೂಪಾಯಿ.

ಅಲ್ಲಿಯ ಗಿಡ ಈ ಗುಡ್ಡದ ಝಳಕ್ಕೆ ಬದುಕೀತೆ?
ಡುರಾಂಟ ನೆಟ್ಟ. ಸಾಲದ್ದಕ್ಕೆ ಲಂಟಾನ.
ಅಮೃತಶಿಲೆಯ ಕಂಬಕ್ಕೆ ಬೋರ್‌ವೆಲ್ಲಿನ ಹಳೇ ಪೈಪು.
ಗೂಟಕ್ಕೆ ಹಗ್ಗ ಕಟ್ಟಿ ಸುಣ್ಣದಲ್ಲಿ ಚಕ್ರ ಎಳೆದ,
ಮಗಳು ಆ ತುದಿ, ತಾನು ಈ ತುದಿ.
ನವಿಲು ಕೋಳಿಯಾಯಿತು.
ನೆರಳಿಗೆಂದು ಕೊರೆದ ಅಡ್ಡಗೀರುಗಳನ್ನು
ನೇಗಿಲ ಸಾಲೆಂದುಕೊಂಡು
ಅಷ್ಟಕ್ಕೂ ಕನಕಾಂಬರ ಹಚ್ಚಿದ.

ನಾನು ನೋಡಲು ಹೋದಾಗ
ಅದಿರಿನ ಧೂಳು ಎಲೆಎಲೆಗೂ ಕೆಂಪು ಮಸಿ ಹಚ್ಚಿ
ಮುಗಿಸಿತ್ತು. ಇನ್ನು ಯಾರಾದರೂ
ಆಕಾಶ ಹಾಸಿ ಒತ್ತಬೇಕು, ಅಷ್ಟೇ.

ಎಡಕ್ಕೆ, ಯಾವ ಚಕ್ರದ ಲೆಕ್ಕಕ್ಕೂ ಸಿಗದ ಜಾಗದಲ್ಲಿ
ಮೊಣಕಾಲಾಳದ ಒಂದು ಕೊಳ.
ದುಂಡಗೂ ಇಲ್ಲ, ಚೌಕವೂ ಅಲ್ಲ.
"ಇದೆಲ್ಲಿತ್ತೋ ಚಿತ್ರದಾಗೆ?"
ಜೇಬಿನಿಂದ ಬೆವರು ಕುಡಿದ ಜೆರಾಕ್ಸ್ ತೆಗೆದು
ಕಪ್ಪು ಚುಕ್ಕೆಯ ಮೇಲೆ ಉಗುರಿಟ್ಟ.

ಪುಸ್ತಕದ ಹುಳು ತಿಂದ ತೂತು.
ಅದಕ್ಕೇ ನಾನು ತೆಳು ಕಾಗದ ಅಂಟಿಸಿ,
ಹೊಲಿದು, ಹೊಸ ರಟ್ಟು ಕೂರಿಸಿ
ಮಾಸ್ತರಿಗೆ ಒಪ್ಪಿಸಿದ್ದೆ ಹೋದ ವರ್ಷ.

ಹೇಳಲಿಲ್ಲ.
ಎರಡು ಗೊರವಂಕ ಇಳಿದು ಕುಡಿಯುತ್ತಿದ್ದವು.
ಅವನ ಮಗಳು ದಡದಲ್ಲಿ ಕೂತು
ರಟ್ಟು ಹಾಕಿಸಿದ ನೋಟ್‌ಬುಕ್ಕಿನಲ್ಲಿ
ಕೊಳದ ಚಿತ್ರ ಬರೆಯುತ್ತಿದ್ದಳು,
ಪೆನ್ಸಿಲ್ಲು ಒತ್ತಿ ಒತ್ತಿ,
ಹಾಳೆ ತೂತಾಗುವಷ್ಟು.