ಇಳಿಜಾರಿನ ಲೆಕ್ಕ

ಮಂಡ್ಯ ಸಮತಟ್ಟು ಎನ್ನುವವರು
ಯಾರೂ ಗಾಡಿ ತಳ್ಳಿದವರಲ್ಲ.
ನಾಲೆಯ ಪ್ರತಿ ಸೇತುವೆಗೂ ಒಂದು ಗೂನಿದೆ,
ಗೂನಿನಾಚೆ ಇಪ್ಪತ್ತು ಮಾರು ಇಳಿಜಾರು.
ಕಟ್ಟೇರಿಯಿಂದ ಕೆರಗೋಡಿನವರೆಗೆ ಅಂಥವು ಹನ್ನೊಂದು.
ಎರಡು ವರ್ಷ ನಾನು ಟೀ ಕುಡಿದದ್ದು ಅಲ್ಲೇ,
ಪಿಕಪ್ಪಿನ ಮೂತಿ ಕೆಳಗೆ ಮಾಡಿ,
ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು.

ಬೆಳಗಿನ ಜಾವ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ.
ಅರ್ಧ ಸುತ್ತಿಗೇ ಹೂಂ ಅನ್ನುತ್ತದೆ.
ಇಪ್ಪತ್ತು ಮೈಲಿ ಓಡಿಸಿ
ಕಾಲು ಗಂಟೆ ನಿಲ್ಲಿಸಿದಿರೋ,
ಮುಗಿಯಿತು.
ಕರ್ರ್ ಕರ್ರ್ ಕರ್ರ್,
ಉಂಡು ಮಲಗಿದ ಮಾವನನ್ನು ಎಬ್ಬಿಸಿದ ಹಾಗೆ.

ಬ್ಯಾಟರಿ ಎಂದರು, ಹೊಸದು ಹಾಕಿಸಿದೆ.
ಸ್ಟಾರ್ಟರ್ ಎಂದರು, ಬಿಚ್ಚಿ ಕಾರ್ಬನ್ ಬದಲಿಸಿದರು.
ಫಿಲ್ಟರ್, ಏರ್ ಲಾಕ್, ಟ್ಯಾಂಕಿನ ತಳದ ಕೆಸರು.
ಕೊನೆಗೆ ನಮ್ಮತ್ತೆ ಬಂಪರಿಗೆ ನಿಂಬೆಹಣ್ಣು ಕಟ್ಟಿದರು.
ಇದ್ದುದರಲ್ಲಿ ಅಗ್ಗದ ರಿಪೇರಿ ಅದೇ.

ನನ್ನ ಸರಕು ಕಾಯುವಂಥದ್ದಲ್ಲ:
ಮೀನು ಮರಿ.
ಗಾಳಿ ತುಂಬಿ ಬಿಗಿದ ಚೀಲಕ್ಕೆ ಸಾವಿರದಂತೆ,
ಜೀರಿಗೆಗಿಂತ ತುಸು ದೊಡ್ಡವು,
ಬಿಸಿಲೇರುವ ಮೊದಲು ಯಾರದೋ ಕೆರೆ ಸೇರಬೇಕು.
ಪಕ್ಕದ ಸೀಟಿನಲ್ಲಿ ಥರ್ಮೋಕೋಲ್ ಡಬ್ಬಿ, ಅದರ ತುಂಬ ಐಸು.

ಆವತ್ತು ಯಲಿಯೂರಿನ ಈಚೆ, ರೈಲು ಗೇಟಿನ ಮುಂದೆ,
ಕ್ಲಚ್ಚಿನಿಂದ ಕಾಲು ಜಾರಿ ಆಫ್ ಆಯಿತು.
ಅಂಗೈಯಂಥ ಮಟ್ಟ ನೆಲ.
ಮೂರು ಸಲ ಕೀಲಿ ತಿರುಗಿಸುವಷ್ಟರಲ್ಲಿ
ಹಿಂದಿನ ಮೊಪೆಡ್ ಮೇಲಿದ್ದವನು ಇಳಿದು ಬಂದ.
ಬನ್ನಿಮಂಟಪದಲ್ಲಿ ಪಂಪು ಕೆಲಸವಂತೆ, ಹೆಸರು ಇಮ್ದಾದ್.
"ಬಾನೆಟ್ ಎತ್ತಿ ಅಕ್ಕ."
ಮಗುವಿನ ಕತ್ತು ಮುಟ್ಟಿ ನೋಡುವ ಹಾಗೆ
ಡೀಸೆಲ್ ಪಂಪಿಗೆ ಬೆರಳ ಹಿಂಬದಿ ತಾಗಿಸಿದ.
"ಡಬ್ಬೀಲಿ ಏನು, ಐಸಾ?"
"ಮೀನಿಗೆ."
"ಇದಕ್ಕೂ ಒಂಚೂರು ಕೊಡಿ."

ನನ್ನ ಟವಲಿನಲ್ಲಿ ಐಸು ಸುತ್ತಿ
ಪಂಪಿನ ಮೇಲೆ ಪಟ್ಟಿ ಹಾಕಿದ.
ರೈಲು ಬಂತು, ಹೋಯಿತು.
ಗೇಟು ಎದ್ದಿತು, ಹಿಂದೆ ಹಾರನ್ನು ಎದ್ದವು.
ಅವನು ಕದಲಲಿಲ್ಲ. ಟವಲಿನಿಂದ ತೊಟ್ಟಿಕ್ಕುವ ನೀರು ನೋಡುತ್ತ ನಿಂತ.
"ಈಗ ಹೊಡೀರಿ."
ಅರ್ಧ ಸುತ್ತು.
ಹೂಂ.

"ಒಳಗೆ ಸವೆದದೆ ಅಕ್ಕ. ತಣ್ಣಗಿದ್ರೆ ಡೀಸೆಲ್ ಗಂಜಿ ಥರ,
ಗೀರಲ್ಲಿ ನಿಂತ್ಕೊಂತದೆ. ಬಿಸಿ ಆದ್ರೆ ತಿಳಿ ಆಗಿ
ಸೋರಿ ಹೋಯ್ತದೆ. ಇಂಜಿನ್ನಿಗೆ ಏನು ಸಿಗಬೇಕು?"
ನನ್ನ ಗಂಡನ ಮಾತೂ ಹಾಗೇ, ಬೆಳಿಗ್ಗೆ ಮಾತ್ರ ಗಟ್ಟಿ,
ಅಂದುಕೊಂಡೆ. ಹೇಳಲಿಲ್ಲ.

ಐಸು ಸಾಲದೆ ಎರಡು ಚೀಲ ಬೆಚ್ಚಗಾದವು.
ಮರಿಗಳು ಬೆಳ್ಳಗೆ ಮೇಲೆ ಬಂದವು, ನೆನೆದ ಅಕ್ಕಿಯಂತೆ.
ಪುಸ್ತಕದಲ್ಲಿ ಬರೆದೆ:
ಮರಿ ಎರಡು ಸಾವಿರ. ಪಂಪಿನ ಹೆಡ್ಡು ಹದಿಮೂರು ಸಾವಿರ.

ಬುಧವಾರ ಬಿಚ್ಚಿದ ರೋಟರನ್ನು ಒರೆಸಿ ಕೈಗಿಟ್ಟ,
ಹೆಬ್ಬೆರಳಿನಷ್ಟು ಉಕ್ಕು.
"ಉಗುರು ಆಡಿಸಿ ನೋಡಿ, ಗೀರು ಸಿಗ್ತದೆ."
ಆಡಿಸಿದೆ. ಬಳೆಯಷ್ಟು ನುಣುಪು.
ಹನ್ನೊಂದು ಸೇತುವೆ ಬಾಯಿಪಾಠ ಮಾಡಿಸಿದ್ದು
ನನ್ನ ಉಗುರಿಗೆ ಸಿಗಲೇ ಇಲ್ಲ.

ಈಗ ಮಂಡ್ಯ ನನಗೂ ಸಮತಟ್ಟು.
ಮೊನ್ನೆ ಐದನೇ ಸೇತುವೆಗೆ ಮೊದಲೇ, ಮಟ್ಟದಲ್ಲೇ ನಿಲ್ಲಿಸಿ,
ಕಲ್ಲು ಕೊಡದೆ ಇಳಿದೆ.
ಎರಡು ವರ್ಷ ತಳ್ಳಿದ ಸಿಂಗ್ರಿ, ಅವನ ಷಡ್ಡಕ,
ಟೀ ಅಂಗಡಿಯ ಹುಡುಗ, ಮೂವರೂ ಗಾಬರಿಯಾದರು.
"ಏನವ್ವ, ಇಲ್ಲೇ ಆಫ್ ಮಾಡ್ಬುಟ್ಟೆ!"
ಕುಡಿದು, ಕಾಸು ಕೊಟ್ಟು, ಹತ್ತಿದೆ.
ಕನ್ನಡಿಯಲ್ಲಿ ಕಂಡರು: ಲುಂಗಿ ಎತ್ತಿ ಕಟ್ಟಿ,
ಡಾಲೆಗೆ ಅಂಗೈ ಒತ್ತಿ, ಕಾಲು ಹಿಂದಿಟ್ಟು ಸಿದ್ಧ.
ಕೀಲಿ ತಿರುಗಿಸಿದೆ.
ಗಾಡಿ ಮುಂದೆ ಹೋಯಿತು.
ಆರು ಕೈಗಳು ಅಲ್ಲೇ, ಗಾಳಿಯಲ್ಲಿ.