ಒಲೆ ಆರಿಸಿದೆನೇ

ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ
ಕೊನೆಯ ಮೆಟ್ಟಿಲು ಕೇಳುತ್ತದೆ: ಒಲೆ ಆರಿಸಿದೆಯಾ?
ಮತ್ತೆ ಹತ್ತುತ್ತೇನೆ.
ಪಕ್ಕದ ಮನೆಯ ಹಲೀನಾ ಅಂದಳು:
ಹುಚ್ಚಿ, ಫೋನಿನಲ್ಲೊಂದು ಫೋಟೊ ಹಿಡಿದುಕೋ,
ಟ್ರಾಮಿನಲ್ಲಿ ಕೂತು ನೋಡಿಕೋ.

ಅಂದಿನಿಂದ ದಿನಾ
ನಾಲ್ಕೂ ನಾಬುಗಳ ಕಿವಿ ಹಿಂಡಿ
ಸಾಕ್ಷಿಗೊಂದು ಚಿತ್ರ.

ಇವತ್ತಿನದು ಹಿಡಿದದ್ದೇ ತಡ, ಫೋನು
ಇನ್ನು ಜಾಗವಿಲ್ಲ ಅಂತು.
ಗ್ದಾನ್ಸ್ಕ್‌ನ ಟ್ರಾಮು ಹಿಮದಲ್ಲಿ ತೆವಳುತ್ತಿತ್ತು,
ಅಳಿಸಲು ಕೂತೆ. ನಾನೂರ ಹನ್ನೆರಡು ಒಲೆ.

ಒಂದರಲ್ಲಿ ಉಕ್ಕಿದ ಹಾಲು ಕಂದಾಗಿ ಒಣಗಿದೆ.
ಒಂದರಲ್ಲಿ, ಮಾರ್ಚಿರಬೇಕು, ಬಿಸಿಲಿನ ಪಟ್ಟಿಯೊಂದು
ಒಳಗೆ ಬಂದು ಎರಡನೇ ನಾಬನ್ನಷ್ಟೇ ಮುಟ್ಟಿದೆ.
ಕೆಟಲಿನ ಹೊಟ್ಟೆಯಲ್ಲಿ ನಾನು,
ಒಂದೇ ಕಾಲಿಗೆ ಬೂಟು, ಬಾಯಲ್ಲಿ ಹೇರ್‌ಪಿನ್ನು.
ಒಂದರ ಅಂಚಿನಲ್ಲಿ ವಿತೆಕ್‌ನ ಬೆರಳು
ಮೇಷ್ಟರ ಹಾಗೆ ತೋರಿಸುತ್ತಿದೆ: ನೋಡೇ, ಆರಿದೆ!
ಜೂನಿನಲ್ಲಿ ಅವನು ಹೊರಟುಹೋದ,
ಕಾಫಿ ಬೀಸುವ ಯಂತ್ರ ತಗೊಂಡು.
ಆಮೇಲಿನ ಚಿತ್ರಗಳಲ್ಲಿ ಅದು ಕೂತಿದ್ದ ಜಾಗದಲ್ಲಿ
ದುಂಡನೆಯ ಕಲೆ,
ಅದೂ ಸೆಪ್ಟೆಂಬರಿನ ಹೊತ್ತಿಗೆ ಮಾಸಿದೆ.

ಹೆದರಿಕೆ ಬೀಸಿದ ಬಲೆಯಲ್ಲಿ
ಎಷ್ಟೊಂದು ಬೇಡದ ಮೀನು.

ಸೋಪೋತಿನ ಕಡಲಿನವನ್ನು ಅಳಿಸಿದೆ, ಅರವತ್ತು.
ಎಲ್ಲದರಲ್ಲೂ ಹಲ್ಲು ಬಿಟ್ಟುಕೊಂಡು
ಒಂದೇ ಥರ ನಿಂತಿದ್ದೆ.
ಜಾಗವಾಯಿತು.

ಇಳಿಯುವ ನಿಲ್ದಾಣ ಯಾವಾಗಲೋ ದಾಟಿತ್ತು.
ಹಿಮ ತುಳಿಯುತ್ತ ವಾಪಸು ನಡೆಯುವಾಗ
ಇವತ್ತಿನದನ್ನು ಇನ್ನೊಮ್ಮೆ ತೆಗೆದು ನೋಡಿದೆ.
ಆರಿದೆ, ನಾಲ್ಕೂ.

ಬೀಗ?