ನಾನು, ಹಳೇದು

ದಿನಾ ಬೆಳಗಾದರೆ ನಾನು ನೋಡುವುದೇ ತಾರೀಖು.
ಸೂಜಿಯ ಪ್ಯಾಕೆಟ್ಟಿನ ಮೇಲೆ,
ನೇರಳೆ ಮುಚ್ಚಳದ ಟ್ಯೂಬಿನ ಮೇಲೆ.
ಆರು ಗಂಟೆಗೆ ಭದ್ರಾವತಿಯ ಜನ್ನಾಪುರದಲ್ಲಿ
ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ
ಕಾಫಿಯನ್ನು ನೆನೆಯುತ್ತ ತೋಳು ಚಾಚಿ ಕೂತಿರುತ್ತಾರೆ.
ಅವಧಿ ಮುಗಿದದ್ದನ್ನು
ಈವರೆಗೆ ಯಾರಿಗೂ ಚುಚ್ಚಿದವಳಲ್ಲ ನಾನು.

ಆದರೆ ಹನ್ನೊಂದು ತಿಂಗಳಿಂದ
ಅವಧಿ ಮುಗಿದದ್ದರ ಮೇಲೇ ಕೂತು ತಿರುಗಿದ್ದೆನಂತೆ.
ಹೇಳಿದವನು ಬೈಪಾಸಿನ ಪೊಲೀಸು, ಮೊನ್ನೆ ಮೀಸೆ ಬಂದವನು:
"ಹದಿನೈದು ವರ್ಷ ಆಗೋಯ್ತಲ್ಲ ಮೇಡಂ,
ಪೇಪರಿನ ಪ್ರಕಾರ ಈ ಗಾಡಿ ಸತ್ತೋಗಿದೆ."
ಸತ್ತದ್ದು ಗುರುಗುಡುತ್ತಲೇ ಇತ್ತು.
ಐಸ್ ಡಬ್ಬಿಯಲ್ಲಿ ಒಂಬತ್ತು ಜನರ ರಕ್ತ.

ಅಲ್ಲಿಂದ ಶುರು.
ಹೊಗೆ ತಪಾಸಣೆಯವನು ಊಟಕ್ಕೆ ಹೋಗಿದ್ದ;
ಅವನು ಬಂದಾಗ ಕರೆಂಟು ಹೋಗಿತ್ತು.
ಫಾರಂ ಇಪ್ಪತ್ತೈದು, ಹಸಿರು ತೆರಿಗೆ, ತಿಂಗಳಿಗಿಷ್ಟು ದಂಡ.
ಏಜೆಂಟ್ ತಿಪ್ಪೇಶಪ್ಪ ಎಲ್ಲ ಕೂಡಿಸಿ
ಕ್ಯಾಲ್ಕುಲೇಟರನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ,
ಬಾಯಲ್ಲಿ ಹೇಳಬಾರದ ಮಾತೇನೋ ಎಂಬಂತೆ.
ಶಿವಮೊಗ್ಗದ ಆರ್‌ಟಿಒ ಆಫೀಸಿಗೆ ಮೂರು ಸಲ.
ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಸಾಹೇಬರಿಲ್ಲ,
ಒಂದು ಸಲ ಎರಡೂ ಇದ್ದವು,
ನಾನು ಇನ್ಶೂರೆನ್ಸ್ ಕಾಗದ ಮನೆಯಲ್ಲಿಟ್ಟು ಬಂದಿದ್ದೆ.

ಚಾಸಿ ನಂಬರಿನ ಅಚ್ಚು ತನ್ನಿ ಎಂದರು.
ಹದಿನೈದು ವರ್ಷ ಸವಾರಿ ಮಾಡಿದ್ದೇನೆ,
ಅದು ಎಲ್ಲಿದೆಯೆಂದು ನನಗೆ ಗೊತ್ತಿಲ್ಲ.
ತಿಪ್ಪೇಶಪ್ಪನ ಹುಡುಗ ಗಾಡಿಯಡಿ ತೂರಿ
ಸೀಮೆಎಣ್ಣೆ ಹಚ್ಚಿ ಉಜ್ಜಿದ, ಬರೀ ತುಕ್ಕು.
"ಸರಿ ಆ ಕಡೆ" ಅಂದೆ.
ಕಣ್ಣು ಮುಚ್ಚಿ ಬೆರಳು ಆಡಿಸಿದೆ.
ದಪ್ಪ ತೋಳಿನವರ ನರ ಹೀಗೇ,
ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.
ಸಿಕ್ಕಿತು. ಕಾಗದವಿಟ್ಟು ಪೆನ್ಸಿಲ್ ಓರೆ ಹಿಡಿದು ತಿಕ್ಕಿದೆ:
ಕಪ್ಪಿನೊಳಗಿಂದ ಬೆಳ್ಳಗೆ ಎದ್ದುಬಂತು
ಒಂದು ಎಂ, ಒಂದು ಇ, ಒಂದು ನಾಲ್ಕು.
ಹುಡುಗ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ.

ಎಲ್ಲ ಮುಗಿಯಿತು ಅನ್ನುವಾಗ ಓಟಿಪಿ.
ಅದು ಹೋದದ್ದು ಹಳೇ ನಂಬರಿಗೆ,
ಆರು ವರ್ಷದ ಹಿಂದೆ ಸಾಗರದ ಬಸ್ಸಿನಲ್ಲಿ
ಬಿದ್ದುಹೋದ ಫೋನಿಗೆ.
ಹತ್ತು ನಿಮಿಷ ಎಂದಿತು ಪರದೆ. ಒಂಬತ್ತು ಎಂದಿತು.
ನನ್ನ ನಂಬರಿಗೆ ನಾನೇ ಫೋನು ಮಾಡಿದೆ.
ರಿಂಗಾಯಿತು.

"ಯಾರ್ರೀ?" ಹೆಂಗಸಿನ ದನಿ, ಹಿಂದೆ ಗಿರಣಿಯ ಸದ್ದು.
ಏನೆಂದು ಹೇಳಲಿ? "ಅಮ್ಮಾ, ನನ್ನ ಹಳೇ ನಂಬರಿನಲ್ಲಿ
ನೀವಿದ್ದೀರಿ."
"ಅಯ್ಯ! ನೀವೇನ್ರಿ ಆ ಸೆವ್ರಿನ್ ಬಾಯಿ?
ಎಷ್ಟ್ ದಿನಾ ಆತ್ರಿ ನಿಮ್ಮ ಫೋನ್ ನಾ ಎತ್ತಾಕತ್ತು!
ಚೀಟಿಯವ್ರು ಬೈದ್ರು, ಬೈಸ್ಕೊಂಡೆ.
ಕ್ರಿಸ್ಮಸ್ಸಿಗೆ ಯಾರೋ ಹಾಡ ಹಾಡಿದ್ರು, ಪೂರ್ತಿ ಕೇಳ್ದೆ.
ಸುಲೇಮಾನ್ ಅಂತ ಮೆಕ್ಯಾನಿಕ್ಕು, ವರ್ಷಕ್ಕೆರಡ್ ಸಲ,
ಬಾಯೀ ಆಯಿಲ್ ಬದ್ಲಿ ಮಾಡ್ಸಿ ಅಂತಾರ.
ಹೋದ ವರ್ಷ ಅಂದಿದ್ರು ನೋಡ್ರಿ,
ಆರ್‌ಸಿ ಮುಗೀತೈತಿ, ಮರೀಬ್ಯಾಡ್ರಿ ಅಂತ.
ನಾ ಹೂಂ ಅಂದಿದ್ದೆ."

ಸಮಯಕ್ಕೆ ಸರಿಯಾಗಿಯೇ ಬಂದಿತ್ತು ಸುದ್ದಿ,
ರಾಣೆಬೆನ್ನೂರಿನ ಖಾರದಪುಡಿ ಗಿರಣಿಗೆ.

ಕೆಮ್ಮುತ್ತ ಅಂಕಿ ಓದಿದಳು. ಎರಡು, ಸೊನ್ನೆ, ಆಮೇಲೆ?
"ಏಳ್ರಿ!" ಎಂದಳು. ನಾನು ಎದ್ದು ನಿಂತೆ.
"ಏಳು ಏಳು, ನಂಬರ್ ಏಳು!"
ಕೌಂಟರಿನವನು ಕನ್ನಡಕ ತೆಗೆದು ನಕ್ಕ.

ಇನ್ನೈದು ವರ್ಷ ಬರೆದುಕೊಟ್ಟರು.
ಸುಲೇಮಾನ್ ಸಾಬರು ನನ್ನ ಮರೆತೇಬಿಟ್ಟರೆಂದು
ಬೇರೆ ಕಡೆ ಸರ್ವಿಸ್ ಮಾಡಿಸುತ್ತಿದ್ದೆ.
ನಾಳೆ ಹೋಗಬೇಕು. ಹಾರನ್ ಕೂಡ ಕೀರಲಾಗಿದೆ.

ಸ್ಟ್ಯಾಂಡ್ ಎತ್ತುವ ಮುಂಚೆ ಆ ನಂಬರನ್ನು ಉಳಿಸಿಕೊಂಡೆ.
ಅವಳ ಹೆಸರು ಕೇಳುವುದೇ ಮರೆತಿತ್ತು.
ಸ್ವಲ್ಪ ಹೊತ್ತು ಯೋಚಿಸಿ
"ನಾನು, ಹಳೇದು" ಎಂದು ಬರೆದೆ.